ಬಸರಿ ಹೊಂಡದ ಮೆಟ್ಟಿಲು

ತುಂಗಭದ್ರೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ನಿರಂಜನಯ್ಯ ಎಂಬ ಗುರುಗಳಿದ್ದರು. ಎಪ್ಪತ್ತು ದಾಟಿದ ಮೇಲೆ ಅವರ ಕಣ್ಣು ಹೋಯಿತು.

ಒಂದು ದಿನ ಶಿಷ್ಯ ಕೊಟ್ರೇಶನನ್ನು ಕರೆದು ಹೇಳಿದರು: "ನನ್ನನ್ನು ಹುಟ್ಟಿದೂರಿಗೆ ಒಮ್ಮೆ ಕರೆದುಕೊಂಡು ಹೋಗಪ್ಪ. ಬಸರಿ ಹೊಂಡದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬರಬೇಕು."

"ಅಲ್ಲೇನಿದೆ ಗುರುಗಳೇ?"

"ನಮ್ಮಕ್ಕ ನೀಲಮ್ಮ ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದು ಅಲ್ಲೇ. ಮದುವೆಯಾಗಿ ಹೋದವಳು ಮೊದಲ ಹೆರಿಗೆಯಲ್ಲೇ ತೀರಿಕೊಂಡಳು."

ಇಬ್ಬರೂ ಬಸ್ಸಿನಲ್ಲಿ ಹೋದರು. ಊರು ಈಗ ದೊಡ್ಡ ನಗರವಾಗಿತ್ತು.

"ಕೋಟೆಯ ದಿಡ್ಡಿಬಾಗಿಲು ಬಂತೇನು?" ಗುರುಗಳು ನಡೆಯುತ್ತ ಕೇಳಿದರು. "ಅದರ ಪಕ್ಕದಲ್ಲೇ ಎಣ್ಣೆಗಾಣ ಇರಬೇಕು ನೋಡು."

ಕೊಟ್ರೇಶನಿಗೆ ಕಂಡದ್ದು ಬ್ಯಾಂಕು, ಮೊಬೈಲ್ ಅಂಗಡಿ. "ಜನ ಬಹಳ ಗುರುಗಳೇ, ಸರಿಯಾಗಿ ಕಾಣುತ್ತಿಲ್ಲ" ಎಂದ.

ಗುರುಗಳನ್ನು ಬೇವಿನ ಮರದ ನೆರಳಲ್ಲಿ ಬಿಟ್ಟು, ಸ್ವಲ್ಪ ಮುಂದೆ ಹೂ ಮಾರುತ್ತಿದ್ದ ಮುದುಕಿಯನ್ನು ವಿಚಾರಿಸಿದ.

"ಬಸರಿ ಹೊಂಡಾನಾ? ಅದನ್ನ ಮುಚ್ಚಿ ಎಷ್ಟೋ ವರ್ಷ ಆಯ್ತಲ್ಲಪ್ಪ! ಅದರ ಮೇಲೇ ಆ ಕಾಂಪ್ಲೆಕ್ಸ್ ಕಟ್ಟಿರೋದು."

ಕೊಟ್ರೇಶ ತಿರುಗಿ ನೋಡಿದ. ಗುರುಗಳು ಇತ್ತ ಮುಖವೆತ್ತಿ ಕಾಯುತ್ತಿದ್ದರು. ಅವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ.

"ಸಿಕ್ಕಿತು ಗುರುಗಳೇ, ಬನ್ನಿ" ಎಂದು ಕೈಹಿಡಿದು ಕರೆತಂದು, ಕಾಂಪ್ಲೆಕ್ಸಿನ ಹಿಂಬದಿಯ ಮೆಟ್ಟಿಲ ಮೇಲೆ ಕೂರಿಸಿದ.

ಗುರುಗಳು ಅಂಗೈಯಿಂದ ಕಲ್ಲನ್ನು ಸವರಿದರು.

ಆಮೇಲೆ ಕೇಳಿದರು: "ನೀರು ಎಷ್ಟಿದೆ?"

"ಐದಾರು ಮೆಟ್ಟಿಲು ಕೆಳಗಿದೆ."

"ಒಂದು ಬೊಗಸೆ ತಾ. ಕಣ್ಣಿಗೆ ಹಚ್ಚಿಕೊಳ್ಳುತ್ತೇನೆ."

ಕೊಟ್ರೇಶ ಪಕ್ಕದ ಹೋಟೆಲಿಗೆ ಓಡಿದ. ಕೈತೊಳೆಯುವ ನಲ್ಲಿಯಿಂದ ಬೊಗಸೆಯಲ್ಲಿ ನೀರು ಹಿಡಿದು, ಚೆಲ್ಲದಂತೆ ತಂದ.

ಗುರುಗಳು ಬೆರಳದ್ದಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಯಾವ ನಲ್ಲಿಯದು?"

ಕೊಟ್ರೇಶ ಅವರ ಕಾಲು ಹಿಡಿದುಕೊಂಡ. "ಹೊಂಡ ಇಲ್ಲ ಗುರುಗಳೇ. ಮುಚ್ಚಿಬಿಟ್ಟಿದ್ದಾರೆ. ದಿಡ್ಡಿಬಾಗಿಲೂ ಇಲ್ಲ, ಗಾಣವೂ ಇಲ್ಲ. ನೀವು ನೊಂದುಕೊಳ್ಳುತ್ತೀರಿ ಅಂತ ಸುಳ್ಳು ಹೇಳಿದೆ."

ಗುರುಗಳು ಅಕ್ಕನ ಹೆಸರನ್ನು ಒಮ್ಮೆ ಮೆಲ್ಲಗೆ ಅಂದರು. ಕಣ್ಣೀರು ಗಡ್ಡಕ್ಕಿಳಿಯಿತು.

ಒರೆಸಲು ಕೊಟ್ರೇಶ ಶಲ್ಯದ ಅಂಚು ಎತ್ತಿದ. ಗುರುಗಳು ಅವನ ಕೈಯನ್ನು ಹಿಡಿದು ಕೆಳಗಿಳಿಸಿದರು.

"ಹೊಂಡವನ್ನು ಊರವರು ತೆಗೆದುಕೊಂಡರು, ಮಗಾ. ಅದರ ದುಃಖವನ್ನಾದರೂ ನನಗೆ ಬಿಡು."