ತಿರುಗದಮ್ಮನ ಕವಲು

ಮಾಳಗೊಂದಿಯಲ್ಲಿ ಕೆರೆಯ ನೀರು ಹಂಚುವ ನೀರಗಂಟಿ ಸಣ್ಣೀರಮ್ಮನಿಗೆ ಒಂದು ಅಭ್ಯಾಸವಿದೆ. ಕೆರೆಯ ಕಾಲುವೆ ಎರಡಾಗಿ ಒಡೆಯುವ ಕವಲಿಗೆ ಅವಳು ದಿನವೂ ನಡುಹಗಲಿಗೆ ಬರುತ್ತಾಳೆ. ಮಂಡಿಯುದ್ದ ನೀರಿಗಿಳಿದು, ಮೂಡಲ ಕಾಲುವೆಯ ಬಾಯಿಗೆ ಅಡ್ಡಗಲ್ಲು ನಿಲ್ಲಿಸಿ, ನೀರು ಪಡುವಲ ಬಯಲಿನ ಕಡೆ ಹೊರಳಿದ್ದನ್ನು ಕಣ್ಣಾರೆ ಕಂಡ ಮೇಲೆ ದಡ ಹತ್ತುತ್ತಾಳೆ. ಆಗ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದಿಲ್ಲ. ದಡದ ಮೇಲೆ ಸೊಂಟದೆತ್ತರದ ಒಂದು ಕಲ್ಲಿದೆ. ಅದರ ಬೆನ್ನಿಗೆ ಒರೆಸುತ್ತಾಳೆ. ಅಂಗೈಯನ್ನು ಒಂದು ಗಳಿಗೆ ಅಲ್ಲೇ ಇಟ್ಟು, ತುಟಿ ಅಲುಗಿಸಿ, ಏನೋ ಒಂದು ಮಾತು ಹೇಳಿ, ಉತ್ತರಕ್ಕೆ ಕಾಯುವವರಂತೆ ಸುಮ್ಮನೆ ನಿಂತು, ಆಮೇಲೆ ಊರಿನ ದಾರಿ ಹಿಡಿಯುತ್ತಾಳೆ. ನಲವತ್ತು ವರ್ಷದಿಂದ ಅವಳ ಈ ಕ್ರಮ ತಪ್ಪಿಲ್ಲ. ಅವಳಿಗಿಂತ ಮೊದಲು ಈ ಕೆಲಸ ಮಾಡುತ್ತಿದ್ದ ಅವಳ ಅತ್ತೆಯೂ ಹೀಗೇ ಮಾಡುತ್ತಿದ್ದಳಂತೆ.

ಈ ಜಾಗಕ್ಕೆ ತಿರುಗದಮ್ಮನ ಕವಲು ಎಂದು ಹೆಸರು. ಕಲ್ಲಿಗೆ ಗುಡಿಯಿಲ್ಲ, ಸೂರಿಲ್ಲ. ಮುಂಭಾಗದಲ್ಲಿ ಸವೆದ ಎರಡು ಕಣ್ಣುಗಳ ಗುರುತಿದೆ, ಅವು ನೇರವಾಗಿ ಮೂಡಲಕ್ಕೆ ನೋಡುತ್ತವೆ. ಸುತ್ತಮುತ್ತಲಿನ ಎರೆಹೊಲಗಳಲ್ಲಿ ಈಗ ಸೂರ್ಯಕಾಂತಿ ಬೆಳೆಯುತ್ತಾರೆ. ಹೂ ಬಿಟ್ಟ ತಿಂಗಳಲ್ಲಿ ಪಟ್ಟಣದ ಜನ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳಲು ಹೊಲಕ್ಕೆ ಇಳಿಯುವುದುಂಟು. ಹೂವು ಸೂರ್ಯನ ಕಡೆಗೇ ತಿರುಗುತ್ತದೆ ಎಂದು ಓದಿ ಬಂದವರು, ಸಂಜೆಯ ಬಿಸಿಲು ಬೀಳುವ ಕಡೆಯಿಂದ ಹೊಲದೊಳಗೆ ಹೋಗಿ ನಿಂತರೆ, ಅವರಿಗೆ ಕಾಣುವುದು ಸಾವಿರಾರು ಹೂಗಳ ಬೆನ್ನು. ಊರಿನವರು ಬಾಯಿಗೆ ಟವೆಲು ಅಡ್ಡ ಹಿಡಿದು ನಗುತ್ತಾರೆ. "ಬೆಳಿಗ್ಗೆ ಬರಬೇಕಿತ್ತು ಸ್ವಾಮಿ. ಬಲಿತ ಹೂವು ಯಾರ ಹಿಂದೇನೂ ತಿರುಗಲ್ಲ" ಎನ್ನುತ್ತಾರೆ. ಆದರೆ ಆ ಸಂಗತಿ ಈ ಊರಿಗೆ ಗೊತ್ತಾದದ್ದು ಅಷ್ಟು ಸುಲಭವಾಗಿ ಅಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಕೆರೆಗೆ ಕಾಟವ್ವ ಎಂಬ ಹೆಂಗಸು ನೀರಗಂಟಿಯಾಗಿದ್ದಳು ಎನ್ನುತ್ತಾರೆ. ಗಂಡ ಹಾವು ಕಚ್ಚಿ ತೀರಿಕೊಂಡ ಮೇಲೆ ಅವನ ಗುದ್ದಲಿಯನ್ನೂ ಅವನ ಕೆಲಸವನ್ನೂ ಅವಳು ಎತ್ತಿಕೊಂಡಿದ್ದಳು. ಮಾತು ಕಡಿಮೆ, ನೋಟ ಹೆಚ್ಚು. ಅಂದಿನಿಂದ ಇಂದಿನವರೆಗೂ ಇಲ್ಲಿಯ ನೀರಿನ ಕಟ್ಟಳೆ ಒಂದೇ: ಹೊತ್ತು ಮೂಡಿದಾಗಿನಿಂದ ನೆತ್ತಿಗೆ ಬರುವವರೆಗೆ ನೀರು ಮೂಡಲ ಬಯಲಿನ ಗದ್ದೆಗಳಿಗೆ, ನೆತ್ತಿಯಿಂದ ಮುಳುಗುವವರೆಗೆ ಪಡುವಲ ಬಯಲಿಗೆ. ಮೂಡಲ ಕಾಲುವೆ ಒಂದು ಗೇಣು ತಗ್ಗು. ಆದ್ದರಿಂದ ಬಿಟ್ಟ ನೀರೆಲ್ಲ ತಾನಾಗಿ ಆ ಕಡೆಗೇ ಓಡುತ್ತದೆ; ಅದರ ಬಾಯಿಗೆ ಅಡ್ಡಗಲ್ಲು ಇಟ್ಟರೆ ಮಾತ್ರ ನೀರು ಏರಿ ಪಡುವಲಕ್ಕೆ ಹರಿಯುತ್ತದೆ. ಹೊತ್ತು ತಿಳಿಯಲು ಕವಲಿನ ದಡದಲ್ಲಿ ಒಂದು ನೆರಳುಗಲ್ಲು ನೆಟ್ಟಿದ್ದರು. ಅದರ ನೆರಳು ಕುಗ್ಗಿ, ಪಡುವಲದಿಂದ ಮೂಡಲಕ್ಕೆ ಕಾಲಿಡುತ್ತಲೇ ಕಾಟವ್ವ ಅಡ್ಡಗಲ್ಲು ಇಡಬೇಕು. ಬಿಸಿಲಿದ್ದ ದಿನ ಯಾರ ತಕರಾರೂ ಇರಲಿಲ್ಲ. ಮೋಡದ ದಿನ ಮಾತ್ರ ನಡುಹಗಲು ಎಲ್ಲಿದೆ ಎಂದು ಹೇಳುವವರಿಲ್ಲ. ಮೂಡಲದವರಿಗೆ ಅದು ಇನ್ನೂ ಬಂದಿಲ್ಲ, ಪಡುವಲದವರಿಗೆ ಆಗಲೇ ದಾಟಿಹೋಗಿದೆ. ಒಂದು ಮಳೆಗಾಲದಲ್ಲಿ ಜಗಳ ಗುದ್ದಲಿಗೆ ಹೋಗಿ, ಎರಡು ತಲೆ ಒಡೆದವು.

ಅದೇ ಹಂಗಾಮಿನಲ್ಲಿ ಕರಾವಳಿಯಿಂದ ಬರುತ್ತಿದ್ದ ಒಬ್ಬ ಕುದುರೆ ವ್ಯಾಪಾರಿ ಕವಲಿನಲ್ಲಿ ಕುದುರೆಗಳಿಗೆ ನೀರು ಕುಡಿಸಿ, ಕಾಟವ್ವನ ಕೈಗೆ ಒಂದು ಹಿಡಿ ಬೀಜ ಹಾಕಿ ಹೋದನಂತೆ. ಹಡಗಿನಲ್ಲಿ ಬಂದ ಬೀಜ, ಯಾವ ದೇಶದ್ದೋ ತನಗೂ ಗೊತ್ತಿಲ್ಲ ಎಂದನಂತೆ. ನಾಟಿ ಮುಗಿದ ವಾರ ಅವಳು ಅದನ್ನು ದಡದಲ್ಲಿ ಊರಿದಳು. ಹುಟ್ಟಿದ್ದು ಒಂದೇ ಗಿಡ. ಅದು ಎದೆಮಟ್ಟ ಬೆಳೆದು ಮೊಗ್ಗು ಕಟ್ಟಿದಾಗ ಅವಳು ಒಂದು ಸೋಜಿಗ ಕಂಡಳು. ಬೆಳಿಗ್ಗೆ ಮೂಡಲಕ್ಕೆ ಬಾಗಿದ ಮೊಗ್ಗು ನಡುಹಗಲಿಗೆ ತಲೆಯೆತ್ತಿ, ಸಂಜೆಗೆ ಪಡುವಲಕ್ಕೆ ಬಾಗುತ್ತಿತ್ತು. ಇದೇನು ಹೊಸದಲ್ಲ ಎಂದು ಅವಳಿಗೆ ಅನ್ನಿಸಿತು. ಹತ್ತಿಯ ಎಲೆ ಬಿಸಿಲಿಗೆ ಅಂಗೈ ಒಡ್ಡಿ ಹೊರಳುವುದನ್ನು ಅವಳು ನೋಡಿದ್ದಳು. ನೆರಳುಗಲ್ಲಿನ ಮೇಲಿನ ಓತಿಕ್ಯಾತ ಬೆಳಗಾಗುತ್ತಲೇ ಹೊಟ್ಟೆ ಬೆಚ್ಚಗಾಗುವ ಮಗ್ಗುಲಿಗೆ ಸರಿಯುತ್ತಿತ್ತು. ಮಾಗಿಯ ಚಳಿಯಲ್ಲಿ ಊರಿನ ಮುದುಕರೂ ಗೋಡೆಗೆ ಒರಗಿ, ಬಿಸಿಲು ಸರಿದ ಹಾಗೆ ಕಂಬಳಿ ಸಮೇತ ಸರಿಯುತ್ತಿದ್ದರು. ಆದರೆ ಈ ಮೊಗ್ಗಿನಷ್ಟು ನಿಯತ್ತು ಯಾರಿಗೂ ಇರಲಿಲ್ಲ. ಮೋಡ ಮುಚ್ಚಿದ ದಿನವೂ, ನಿನ್ನೆಯ ದಾರಿ ನೆನಪಿಟ್ಟುಕೊಂಡಂತೆ, ಅದು ತನ್ನ ಹೊತ್ತಿಗೆ ತಿರುಗುತ್ತಿತ್ತು.

ಕಾಟವ್ವ ಊರನ್ನು ಕರೆದು ತೋರಿಸಿದಳು. ನಾಲ್ಕು ಮೋಡದ ದಿನ ಎರಡೂ ಬಯಲಿನವರು ಗಿಡದ ಸುತ್ತ ಕುಳಿತು ನೋಡಿದರು, ತಲೆದೂಗಿದರು. ಮೂಡಲ ಬಯಲಿನ ಯಜಮಾನ ಹಿರೇಬೋರಯ್ಯ, "ಹೂ ಸರಿ. ಅದ ನೋಡಿ ನೀರು ತಿರುಗಿಸೋ ಕೈಯನ್ನ ನಂಬೋದು ಹೆಂಗೆ? ನಿನ್ನ ತಂಗಿ ಗದ್ದೆ ಪಡುವಲದಾಗೈತೆ" ಎಂದ. ಅದು ಸುಳ್ಳಾಗಿರಲಿಲ್ಲ, ಅವಳ ಒಬ್ಬಳೇ ತಂಗಿ ತಿಪ್ಪಕ್ಕನನ್ನು ಕೊಟ್ಟಿದ್ದು ಪಡುವಲ ಬಯಲಿನ ಮನೆಗೆ. ಕಾಟವ್ವ ಕೆರೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಎಲ್ಲರ ಮುಂದೆ ಆಣೆ ಇಟ್ಟಳು. "ಇವತ್ತಿನಿಂದ ಈ ಹೂವು ಪಡುವಲಕ್ಕೆ ಮುಖ ಮಾಡದೆ ನಾನು ಅಡ್ಡಗಲ್ಲು ಮುಟ್ಟಲ್ಲ. ಮುಟ್ಟಿದರೆ ಈ ನೀರು ನನ್ನ ಗಂಟಲಲ್ಲಿ ಇಳೀದೆ ಹೋಗಲಿ." ಜಗಳ ಅಲ್ಲಿಗೆ ನಿಂತಿತು. ಎಲ್ಲರೂ ಹಗುರಾಗಿ ಮನೆಗೆ ಹೋದರು. ಆ ಗಿಡದ ಎಳೆತನವನ್ನಷ್ಟೇ ತಾವು ಕಂಡಿರುವುದು, ಅದು ಬಲಿತರೆ ಹೇಗೋ ಏನೋ ಎಂಬುದು ಅವಳನ್ನೂ ಸೇರಿ ಒಬ್ಬರಿಗೂ ಹೊಳೆಯಲಿಲ್ಲ.

ಚಿತ್ತೆ ಮಳೆಯ ಹೊತ್ತಿಗೆ ಹೂ ಅರಳಿತು, ಕಂಚಿನ ತಣಿಗೆಯಷ್ಟಗಲ. ಪಡುವಲ ಬಯಲಿನ ಭತ್ತ ಹೊಡೆ ಕಟ್ಟುವ, ತೆನೆ ಇನ್ನೂ ಗರಿಯೊಳಗೇ ಬಲಿಯುವ ದಿನಗಳೂ ಅವೇ. ಆಗ ನೀರು ತಪ್ಪಿದರೆ ತೆನೆ ಹೊರಬಂದರೂ ಜೊಳ್ಳು, ವರ್ಷದ ಅನ್ನ ಹೋದ ಹಾಗೆ. ಆಕಾಶ ಕಂಬಳಿ ಹೊದ್ದುಕೊಂಡಿತು. ಹನಿ ಬೀಳಲಿಲ್ಲ, ಬಿಸಿಲೂ ಬರಲಿಲ್ಲ. ಮೊದಲ ದಿನ ಕಾಟವ್ವ ಗಿಡದ ಬಳಿ ಕಾದಳು. ಹೂವು ಮೂಡಲಕ್ಕೆ ನೋಡುತ್ತಿತ್ತು. ಹೊಟ್ಟೆ ಹಸಿಯಿತು, ನಡುಹಗಲಿಗೆ ನೀರಿಗೆ ಬರುವ ದನ ಬಂದು ಕುಡಿದು ಹೋದವು, ಹೂವು ಮೂಡಲಕ್ಕೇ ನೋಡುತ್ತಿತ್ತು. ಕತ್ತಲಾಗುವವರೆಗೂ ಅದು ಕತ್ತು ಹೊರಳಿಸಲಿಲ್ಲ. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ನೀರೆಲ್ಲ ಮೂಡಲಕ್ಕೆ ಹೋಯಿತು. ಅವಳು ಆಣೆಗೆ ಕಟ್ಟುಬಿದ್ದು ಕೈ ಕಟ್ಟಿ ಕುಳಿತಳು.

ನಾಲ್ಕನೆಯ ದಿನ ಪಡುವಲದವರು ಗುಂಪಾಗಿ ಬಂದರು. ಮುಂದೆ ನಿಂತದ್ದು ತಿಪ್ಪಕ್ಕನೇ. "ಅಕ್ಕಾ, ಗದ್ದೆ ಬಿರುಕು ಬಿಟ್ಟೈತೆ. ನಿನ್ನ ಹೂವಿನ ಮುಖ ನೋಡ್ಕೊಂಡು ನನ್ನ ಮಕ್ಕಳು ಉಪವಾಸ ಬೀಳಬೇಕೇನೇ?" ಎಂದಳು. ಮೂಡಲದವರೂ ಬಂದು ಎದುರು ನಿಂತರು. ಹಿರೇಬೋರಯ್ಯ ನಿಧಾನವಾಗಿ, ನ್ಯಾಯ ಹೇಳುವವರ ದನಿಯಲ್ಲಿ, "ಹೂವನ್ನ ತೋರಿಸಿದೋಳು ಅವಳೇ, ಆಣೆ ಇಟ್ಟೋಳೂ ಅವಳೇ. ಹೂ ತಿರುಗಿಲ್ಲ. ಅಂದ್ಮೇಲೆ ಹೊತ್ತೂ ತಿರುಗಿಲ್ಲ" ಎಂದ. ತಿಪ್ಪಕ್ಕ ಸೊಂಟಕ್ಕೆ ಕೈಯಿಟ್ಟು, "ಓಹೋ! ಹಂಗಾದ್ರೆ ಯಜಮಾನ್ರು ಸಂಜೆ ತನಕ ಬೆಳಗಿನ ಅಂಬಲೀನೇ ಕುಡೀತಾ ಕೂತಿರಿ. ಮಧ್ಯಾಹ್ನಾನೇ ಆಗಿಲ್ವಲ್ಲ, ಮುದ್ದೆ ಯಾಕೆ ಬೇಕು?" ಎಂದಳು. ಮೂಡಲದವರಲ್ಲೂ ಒಂದಿಬ್ಬರು ನಕ್ಕರು. ಆದರೆ ನಗುವಿನಿಂದ ನೀರು ತಿರುಗಲಿಲ್ಲ.

ಎಲ್ಲರೂ ಹೋದ ಮೇಲೆ ಕಾಟವ್ವ ಹೂವಿನ ಹತ್ತಿರ ಹೋಗಿ ಅದರ ಕೆನ್ನೆಗೆ ಬೆರಳಿಟ್ಟಳು. ಬಲವಂತವಾಗಿ ಹೊರಳಿಸಿಬಿಡಲೇ ಎಂದು ಒಂದು ಗಳಿಗೆ ಯೋಚಿಸಿದಳು. ಬೆರಳಿಗೆ ತಾಕಿದ್ದು ಗಟ್ಟಿಯಾಗುತ್ತಿದ್ದ ಕಾಳು, ಸಾಲುಸಾಲಾಗಿ, ನೂರಾರು. ಕತ್ತು ಮರದ ಹಾಗೆ ಬಿರುಸಾಗಿತ್ತು. ಅದರ ಕೆಳಗೆ ಎಲೆಯ ಸಂದಿಯಲ್ಲಿ ಹುಟ್ಟಿದ್ದ ಒಂದು ಪುಟ್ಟ ಮೊಗ್ಗು ಮಾತ್ರ ಆಗಲೇ ಪಡುವಲಕ್ಕೆ ಬಾಗಿ ನಿಂತಿತ್ತು. ಅವಳಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು ಎನ್ನುತ್ತಾರೆ. ತಿರುಗುವುದು ಬೆಳೆಯುವವರ ಹಸಿವು. ಬೆಳೆದು ಮಡಿಲು ತುಂಬಿದ ಮೇಲೆ ಬೆಳಕಿನ ಬೆನ್ನು ಹತ್ತುವ ಕೆಲಸ ಮುಗಿಯುತ್ತದೆ. ಆಮೇಲೆ ಬೆಳಕು ಬರುವ ದಿಕ್ಕಿಗೆ ಮುಖ ಮಾಡಿ ಕಾದರೆ ಸಾಕು. ಹೂವು ಸುಳ್ಳು ಹೇಳಿರಲಿಲ್ಲ. ತಾನೇ ಅದರ ಬಾಯಿಗೆ ಇಲ್ಲದ ಮಾತು ತುರುಕಿ, ಅದರ ಮೇಲೆ ಆಣೆ ಇಟ್ಟು, ಪಡುವಲದ ಅನ್ನ ಕಿತ್ತಿದ್ದೆ ಎಂದುಕೊಂಡಳು. ಮೊಗ್ಗನ್ನು ನಂಬಿ ಎಂದು ಮಾರನೆಯ ದಿನ ಊರಿಗೆ ಹೇಳಿದಳು. "ದೊಡ್ಡದು ಹೇಳಿದ್ದನ್ನ ಬಿಟ್ಟು ಚಿಕ್ಕದು ಹೇಳಿದ್ದನ್ನ ಕೇಳೋದಾ?" ಎಂದು ಹಿರೇಬೋರಯ್ಯ ಎದ್ದುಹೋದ.

ಆರನೆಯ ದಿನ, ದನ ನೀರು ಕುಡಿದು ಹೋದ ಮೇಲೆ, ಕಾಟವ್ವ ಸೀರೆಯ ಕಚ್ಚೆ ಬಿಗಿದು ನೀರಿಗಿಳಿದಳು. ಅಡ್ಡಗಲ್ಲನ್ನು ಅವಳು ಮುಟ್ಟಲಿಲ್ಲ. ಮೂಡಲ ಕಾಲುವೆಯ ಬಾಯಿಯಲ್ಲಿ, ಎರಡು ದಡಕ್ಕೂ ಮೊಣಕೈ ಊರಿ, ತಾನೇ ಕುಳಿತಳು. ಮುಖ ಮೂಡಲಕ್ಕೆ, ಬೆನ್ನು ನೀರಿಗೆ. ನೀರು ಅವಳ ಬೆನ್ನಿಗೆ ಬಡಿದು, ಹೆಗಲವರೆಗೆ ಏರಿ, ದಾರಿ ಹುಡುಕಿ, ಪಡುವಲಕ್ಕೆ ಹೊರಳಿತು. ಮೂಡಲದವರು ಓಡಿ ಬಂದರು. ಹಿರೇಬೋರಯ್ಯ, "ಏಳು ಮೇಲೆ! ಆಣೆ ಮುರಿದೆಯಲ್ಲೇ" ಎಂದು ಗುಡುಗಿದ. "ಅಡ್ಡಗಲ್ಲು ಅಗೋ ದಡದ ಮೇಲೈತೆ ಯಜಮಾನ್ರೇ. ನಾನು ಮುಟ್ಟಿಲ್ಲ. ಕುಂತಿದೀನಿ, ಅಷ್ಟೇ." "ತಿರುಗಿ ಹೂವ ನೋಡು, ಎತ್ತಾಗೆ ಮುಖ ಮಾಡೈತೆ ಹೇಳು." "ಅದು ಕಾಳು ಹೊತ್ತೈತೆ. ತುಂಬಿದ ಬಸುರೀನ ಕುಣಿಯೇ ಅಂತೀರಾ?" ನೀರಿನಲ್ಲಿ ಕುಳಿತ ಒಂಟಿ ಹೆಂಗಸಿನ ಮೇಲೆ ಕೈಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಹಾಗೆಂದು ಸೋಲೊಪ್ಪಲೂ ಆಗಲಿಲ್ಲ. ದಡದಲ್ಲಿ ನಿಂತು ಬೈದರು, ಹೆದರಿಸಿದರು, ಹೊತ್ತು ಮುಳುಗಿದ ಮೇಲೆ ಹೋದರು. ಮರುದಿನ ನಡುಹಗಲಿಗೆ ಅವಳು ಮತ್ತೆ ಕುಳಿತಳು, ಅದರ ಮರುದಿನವೂ. ತಣ್ಣೀರಿನಲ್ಲಿ ಅವಳ ತುಟಿ ನೀಲಿಯಾಗಿತ್ತು.

ಅವಳು ಹಾಗೆ ಕುಳಿತ ಮೂರನೆಯ ದಿನ ಇಳಿಹೊತ್ತಿಗೆ ಮೋಡ ಹರಿಯಿತು. ಪಡುವಲದಲ್ಲಿ ಬಿಸಿಲು ಒಮ್ಮೆಗೇ ಧುಮುಕಿತು. ಕಾಟವ್ವನ ಎದುರು ನಿಂತಿದ್ದ ಮೂಡಲದವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದರು. ನೆರಳುಗಲ್ಲಿನ ನೆರಳು ಮೂಡಲಕ್ಕೆ ಮಾರುದ್ದ ಬಿದ್ದಿತ್ತು. ಹೂವು ಮಾತ್ರ, ಅಷ್ಟು ಬಿಸಿಲಿಗೂ ಬೆನ್ನು ಕೊಟ್ಟು, ಮೂಡಲಕ್ಕೇ ನೋಡುತ್ತ ನಿಂತಿತ್ತು. ಅದರ ಪಕ್ಕದಲ್ಲಿ ಕಾಟವ್ವನೂ ಹಾಗೇ, ಬೆನ್ನ ಮೇಲೆ ಬಿಸಿಲು ಹೊತ್ತು ಕುಳಿತಿದ್ದಳು. ಹಿರೇಬೋರಯ್ಯ ಹೂವನ್ನು ನೋಡಿದ, ಸೂರ್ಯನನ್ನು ನೋಡಿದ, ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ತಾನೇ ಅಡ್ಡಗಲ್ಲು ಎತ್ತಿ ತಂದು, "ಸರಿ ತಾಯಿ, ಜಾಗ ಬಿಡು. ಇದನ್ನ ನಾನು ಇಡ್ತೀನಿ" ಎಂದ. ಅಷ್ಟರಲ್ಲಿ ಪಡುವಲ ಬಯಲಿನಿಂದ ತಿಪ್ಪಕ್ಕ ಬದುವಿನ ಮೇಲೆ ಓಡೋಡಿ ಬಂದಳು. ಅವಳ ಕೈಯಲ್ಲಿ ಆಗಷ್ಟೇ ಹೊರಬಿದ್ದ ಒಂದು ಎಳೆ ತೆನೆ ಇತ್ತು. ಅಕ್ಕನ ಬೆನ್ನ ಹಿಂದೆ ನಿಂತು ಅವಳು ಕೂಗಿ ಕರೆದಳು. ಕಾಟವ್ವ ತಿರುಗಲಿಲ್ಲ.

ಕುಳಿತಲ್ಲೇ ಕಲ್ಲಾಗಿದ್ದಳು, ಆ ಕಲ್ಲನ್ನೇ ಆಮೇಲೆ ದಡಕ್ಕೆ ಎತ್ತಿ ನಿಲ್ಲಿಸಿದರು ಎಂದು ಪಡುವಲದವರು ಹೇಳುತ್ತಾರೆ. ಮೂಡಲದವರ ಹೇಳಿಕೆ ಬೇರೆ: ಅವಳು ಎದ್ದು, ಒದ್ದೆ ಸೀರೆಯಲ್ಲೇ ಮೂಡಲದ ದಾರಿ ಹಿಡಿದು ಹೋದಳು, ತಪ್ಪು ಆಣೆಯಿಂದ ಆದ ನಷ್ಟಕ್ಕೆ ತಂಗಿಗೆ ಮುಖ ತೋರಿಸಲಾರದೆ, ಕರೆದರೂ ನಿಲ್ಲಲಿಲ್ಲ, ಕಲ್ಲು ನಿಲ್ಲಿಸಿದ್ದು ಆಮೇಲೆ ಹಿರೇಬೋರಯ್ಯ. ಎರಡರಲ್ಲಿ ಯಾವುದು ನಿಜವೆಂದು ಹೇಳಬಲ್ಲವರು ಇಲ್ಲ. ತಾನು ಉಳಿಸಿದ ಪೈರನ್ನು ಅವಳು ನೋಡಲಿಲ್ಲ ಎಂಬಲ್ಲಿ ಮಾತ್ರ ಎರಡೂ ಬಯಲಿನವರು ಒಂದಾಗುತ್ತಾರೆ.

ಇವತ್ತು ಹೋದವರಿಗೂ ಆ ಕಲ್ಲು ಕಾಣುತ್ತದೆ. ಮುಂಭಾಗ ಒರಟು, ಬೆನ್ನು ಮಾತ್ರ ತಲೆಮಾರುಗಳ ಒದ್ದೆ ಕೈ ತಾಕಿ ನುಣುಪಾಗಿದೆ. ಪಡುವಲ ಬಯಲಿನಲ್ಲಿ ಮೊದಲ ತೆನೆ ಹೊರಬಿದ್ದ ದಿನ ಅದನ್ನು ತಂದು ಕಲ್ಲಿನ ಮುಂದೆ ಇಡುವುದಿಲ್ಲ, ಬೆನ್ನ ಹಿಂದೆ ಇಡುತ್ತಾರೆ, ತಿರುಗಿದರೆ ಕಾಣಲಿ ಎಂದು. ಸಣ್ಣೀರಮ್ಮನ ಸೊಂಟದ ಚೀಲದಲ್ಲಿ ಈಗ ಮೊಬೈಲ್ ಇದೆ, ಮೋಡವಿದ್ದರೂ ಹೊತ್ತು ಹೇಳುತ್ತದೆ. ಆದರೂ ಅಡ್ಡಗಲ್ಲು ಇಟ್ಟು ದಡ ಹತ್ತಿದ ಮೇಲೆ ಅವಳು ಕಲ್ಲಿನ ಬೆನ್ನಿಗೆ ಅಂಗೈ ಒತ್ತಿ, ಅಂದು ತಿಪ್ಪಕ್ಕ ಕೂಗಿದ ಮಾತನ್ನೇ, ಕೂಗದೆ, ಹತ್ತಿರದವರ ಕಿವಿಯಲ್ಲಿ ಹೇಳುವ ಹಾಗೆ ಹೇಳುತ್ತಾಳೆ.

"ಅಕ್ಕಾ, ಒಂದೇ ಒಂದು ಸಾರಿ ಹಿಂದಕ್ಕೆ ತಿರುಗಿ ನೋಡೇ. ಹೊಡೆ ಬಿಚ್ಚೈತೆ."