ಗೊಂಬೆ ಉಟ್ಟ ಸೀರೆ

ಮುರಿಗೆಪ್ಪನವರದು ಬರೀ ಮದುವೆ ಸೀರೆಗಳ ಅಂಗಡಿ. ಮೂರು ತಿಂಗಳಿಗೊಮ್ಮೆ ಅವರು ವ್ಯಾಪಾರದ ಲೆಕ್ಕ ನೋಡುವಾಗೆಲ್ಲ ರಿಯಾಯಿತಿ ಸೀರೆಗಳ ರಾಶಿ, ಹೆಚ್ಚು ಮಾರಾಟವಾದದ್ದು ತಾನೇ ಎಂದು ಬೀಗುತ್ತಿತ್ತು. ವರ್ಷದ ಲೆಕ್ಕ ಮುಗಿಯುವ ದಿನ ಆ ರಾಶಿ, ಬಾಗಿಲಲ್ಲಿ ಗೊಂಬೆ ಉಟ್ಟಿದ್ದ ರೇಷ್ಮೆ ಸೀರೆಯನ್ನು ಕೇಳಿತು: "ವರ್ಷವಿಡೀ ನಿಂತೆಯಲ್ಲ, ನಿನ್ನಿಂದ ಅಂಗಡಿಗೆ ಬಂದದ್ದೇನು?"

"ಬಂದವರೆಲ್ಲ ನನ್ನನ್ನೇ ತೋರಿಸಿ 'ಅದು ಕೊಡಿ' ಅಂದರು. ಯಜಮಾನರು ಒಳಗಿಂದ ನನ್ನಂಥದೇ ಇನ್ನೊಂದನ್ನು ತೆಗೆದುಕೊಟ್ಟರು. ನಾನು ಇಲ್ಲೇ ಬಿಸಿಲಿಗೆ ಮಾಸಿದೆ," ಎಂದಿತು ರೇಷ್ಮೆ.

"ಅಂದರೆ ಸೊನ್ನೆ!" ರಾಶಿ ನಕ್ಕಿತು.

ಮುರಿಗೆಪ್ಪನವರ ಲೆಕ್ಕವೂ ಅದನ್ನೇ ಹೇಳಿತು. ಅವರು ರೇಷ್ಮೆಯನ್ನು ಬಿಚ್ಚಿ ರಾಶಿಗೆ ಹಾಕಿದರು.

ಮರುದಿನ ಮದುಮಗಳೊಬ್ಬಳು ತಾಯಿಯೊಡನೆ ಬಂದಳು. ಬರಿಮೈಯಲ್ಲಿ ನಿಂತ ಗೊಂಬೆಯನ್ನು ನೋಡಿ ತಾಯಿ, "ಅಂಗಡಿ ಮುಚ್ತಿದಾರೆ ಅಂತ ಕಾಣುತ್ತೆ, ಬಾರೇ," ಎಂದು ಮಗಳನ್ನು ಎದುರಿನ ಅಂಗಡಿಗೆ ಕರೆದೊಯ್ದಳು.

ಮಾತು ಮುರಿಗೆಪ್ಪನವರ ಕಿವಿಗೆ ಬಿತ್ತು. ಅವರು ರೇಷ್ಮೆಯನ್ನು ರಾಶಿಯಿಂದ ಹುಡುಕಿ ತೆಗೆದರು. ಮಾಸಿದ ಮಗ್ಗುಲು ಒಳಗಾಗುವಂತೆ ನೆರಿಗೆ ಹಿಡಿದು, ಮಗಳಿಗೆ ಉಡಿಸುವ ಹಾಗೆ ಗೊಂಬೆಗೆ ಉಡಿಸಿದರು.

"ಈಗಲಾದರೂ ಮಾರಾಟವಾಗುತ್ತೀಯಾ?" ರಾಶಿ ಕೇಳಿತು.

"ಇಲ್ಲ," ಎಂದಿತು ರೇಷ್ಮೆ. "ಸುಮ್ಮನಿರು, ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ."