ಮೂರನೆಯ ಕೂಗು

ಹೊಂಬಾಳೆಗಡದ ದೊರೆ ಉದ್ದಂಡರಾಯ ನ್ಯಾಯಾಲಯವನ್ನು ಮುಷ್ಟಿಯಲ್ಲಿ ಹಿಡಿದಿದ್ದ. ತೀರ್ಪು ಅರಮನೆಯಲ್ಲಿ ಬೇಯುತ್ತಿತ್ತು, ನ್ಯಾಯಾಧೀಶರು ಬಡಿಸುತ್ತಿದ್ದರು. ಕುಂಬಾರರ ಗಿಡ್ಡವ್ವನ ಮಾವಿನ ತೋಪನ್ನು ದೊರೆಯೇ ನುಂಗಿದ್ದ. ಅವಳ ದಾವೆಯನ್ನು ಯಾರೂ ಕರೆಯುವಂತಿರಲಿಲ್ಲ.

ಒಂದು ದಿನ ನ್ಯಾಯಾಲಯದ ಸುಧಾರಣೆಗೆ ನೆರವಾಗಲು ನೆರೆರಾಜ್ಯಗಳ ಪಂಡಿತರು ಬಂದರು. "ನಮ್ಮಲ್ಲಿ ದೊರೆಯೂ ಒಂದೇ, ಕುಂಬಾರನೂ ಒಂದೇ" ಎಂದು ದೊರೆ ಮೀಸೆ ತಿರುವಿದ. ಬಾಗಿಲಲ್ಲಿ ಹೆಸರು ಕೂಗುವ ಜವಾನನಿಗೆ, "ಏಯ್, ಅತಿಥಿಗಳಿಗೆ ನಂಬಿಕೆ ಬರೋ ಹಾಗೆ ಒಂದು ದಾವೆ ಕರಿಯೋ!" ಎಂದು ಗದರಿದ.

ಜವಾನ ಗಂಟಲು ಸರಿಮಾಡಿಕೊಂಡ. "ಗಿಡ್ಡವ್ವನ ಮಾವಿನ ತೋಪಿನ ದಾವೆ! ಪ್ರತಿವಾದಿ ಉದ್ದಂಡರಾಯ ಪ್ರಭುಗಳು ಹಾಜರಿದ್ದಾರಾ?"

ಎಲ್ಲರ ಕಣ್ಣೂ ದೊರೆಯತ್ತ ತಿರುಗಿದವು. ಜವಾನ ಇನ್ನೊಮ್ಮೆ ಕೂಗಿದ. ಮೂರನೆಯ ಕೂಗಿಗೂ ಕಟಕಟೆಗೆ ಬರದವನು ಸೋತಂತೆ. ಕಟಕಟೆ ಹತ್ತಿದರೆ ಮಾನ ಹೋಗುತ್ತದೆ, ಕೂತರೆ ತೋಪು ಹೋಗುತ್ತದೆ. ದೊರೆ ಕೂತಲ್ಲೇ ಬೆವರಿದ. ಮೂರನೆಯ ಕೂಗೂ ಆಯಿತು. ನ್ಯಾಯಾಧೀಶರು ಅತಿಥಿಗಳ ಮುಖ ನೋಡಿ ಧೈರ್ಯ ತಂದುಕೊಂಡು, "ತೋಪು ಗಿಡ್ಡವ್ವನದು" ಎಂದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ದೊರೆಯೂ ತಟ್ಟಬೇಕಾಯಿತು.

"ನಿನ್ನ ಕೆಲಸದಿಂದ ತೆಗೆದೆ ಕಣೋ!" ಎಂದು ದೊರೆ ಹಲ್ಲು ಕಡಿಯುತ್ತ ಜವಾನನ ಕಿವಿಯಲ್ಲಿ ಉಸುರಿದ.

"ಅಪ್ಪಣೆ, ಬುದ್ಧೀ. ಅತಿಥಿಗಳಿಗೆ ಒಂದು ಮಾತು ಹೇಳಿ ಹೊರಡಲಾ?"

"ಬೇಡ ಬೇಡ, ಅಲ್ಲೇ ನಿಂತಿರು!"

ಅಂದಿನಿಂದ ಆ ಊರಲ್ಲಿ ಅನ್ಯಾಯವಾದವರು ದೇವರಿಗೆ ಹರಕೆ ಹೊರುವ ಮೊದಲು ಜವಾನನನ್ನು ಕೇಳುತ್ತಾರೆ: "ಅಣ್ಣಾ, ಅತಿಥಿಗಳು ಮತ್ತೆ ಯಾವಾಗ ಬರ್ತಾರೆ?"